ಟಾಕಿಗೂ ಉಸಿರು ಬೇಕು: ಹಳೆ ಗಾಡಿಯ ಇಂಧನ ಟ್ಯಾಂಕು ಬದಲಿಸುವ ಮುನ್ನ

ಕಲಬುರಗಿಯಿಂದ ಸೇಡಂ ದಾರಿ ಹಿಡಿದರೆ ಮಳಖೇಡದ ಹತ್ತಿರ ನಮ್ಮ ಹಳೆ ಡೀಸೆಲ್ ಜೀಪಿಗೆ ಕೆಮ್ಮು ಶುರುವಾಗುತ್ತಿತ್ತು. ಎಳೆತ ಕಡಿಮೆಯಾಗುವುದು, ಎರಡು ಸಲ ಜರ್ಕು ಹೊಡೆಯುವುದು, ಕಾಗಿಣಾ ಸೇತುವೆ ಕಾಣುವಷ್ಟರಲ್ಲಿ ನಿಂತೇಬಿಡುವುದು. ಬೇವಿನ ಗಿಡದ ನೆರಳಲ್ಲಿ ಹದಿನೈದು ನಿಮಿಷ ಕೂತು ಎದ್ದರೆ ಏನೂ ಆಗಿಲ್ಲವೇನೋ ಎಂಬಂತೆ ಮತ್ತೆ ಸ್ಟಾರ್ಟ್. ಫಿಲ್ಟರ್ ಬದಲಿಸಿದೆವು. ಟಾಕಿಯಿಂದ ಡೀಸೆಲ್ ಎಳೆಯುವ ಫೀಡ್ ಪಂಪ್ ಬದಲಿಸಿದೆವು. ಇಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ನಾಝಲ್ ಸರ್ವಿಸ್ ಮಾಡಿಸಿದೆವು. ತೊಗರಿ ರಾಶಿಯ ಹೊತ್ತಿನಲ್ಲಿ ಹೊಲಕ್ಕೆ ಹೋಗುವ ಗಾಡಿ ವಾರಕ್ಕೆರಡು ಸಲ ನಡುದಾರಿಯಲ್ಲಿ ಕೈಕೊಟ್ಟರೆ ಮನೆಯಲ್ಲಿ ಏನೇನು ಮಾತು ಬರುತ್ತವೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಕೊನೆಗೆ ಒಬ್ಬ ವಯಸ್ಸಾದ ಮಿಸ್ತ್ರಿಯನ್ನು ಗಾಡಿ ನಿಂತ ಜಾಗಕ್ಕೇ ಕರೆಸಿದೆವು. ಆತ ಬಾನೆಟ್ಟಿನ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಬಂದು ಟಾಕಿಯ ಮುಚ್ಚಳ ತಿರುವಿದ. ಹುಸ್ಸೆಂದು ಗಾಳಿ ಒಳಗೆ ನುಗ್ಗಿತು. "ಇಂಜಿನ್ ಡೀಸೆಲ್ ಜಗ್ಗಲತ್ತದ, ಟಾಕಿಗಿ ಗಾಳಿ ಎಲ್ಲಿಂದ ಬರಬೇಕ್ರಿ? ಉಸರ ಕಟ್ಟೇದ ಇದಕ" ಅಂದ.

ಅವತ್ತು ಮುಚ್ಚಳ ಸಡಿಲ ಬಿಟ್ಟುಕೊಂಡೇ ಸೇಡಂ ಮುಟ್ಟಿದೆವು. ಆದರೆ ಟಾಕಿಯನ್ನು ಬಿಚ್ಚಿ ನೋಡಿದಾಗ ಮುಚ್ಚಳ ಬದಲಿಸಿ ಮುಗಿಸುವ ಕೆಲಸ ಇದಲ್ಲ ಎಂದು ಗೊತ್ತಾಯಿತು. ಮೇಲ್ಪತ್ರಾ, ಅಂದರೆ ಮೇಲಿನ ತಗಡು, ಒಳಕ್ಕೆ ತಗ್ಗಾಗಿತ್ತು. ಟಾಕಿಯನ್ನು ಬಿಗಿದು ಹಿಡಿಯುವ ಪಟ್ಟಿಯ ಅಡಿಯಲ್ಲಿ ಸ್ಕ್ರೂಡ್ರೈವರಿನ ತುದಿ ಒತ್ತಿದರೆ ಹಪ್ಪಳದ ಹಾಗೆ ಒಳಗೆ ಹೋಯಿತು. ಅಲ್ಲಿಂದ ಮುಂದೆ ಟಾಕಿ ಅಂದರೆ ಏನು, ಬದಲಿಸುವಾಗ ಯಾವುದನ್ನು ಹಳೆಯದರಂತೆ ಇಡಬೇಕು, ಯಾವುದನ್ನು ಸುಧಾರಿಸಬೇಕು ಎಂದು ನಾಲ್ಕಾರು ಗ್ಯಾರೇಜು ಸುತ್ತಿ, ಕೈ ಹೊಲಸು ಮಾಡಿಕೊಂಡು ಕಲಿತದ್ದು ಇಷ್ಟು.

ಡಬ್ಬಿಯಲ್ಲ

ಟಾಕಿ ಅಂದರೆ ಎಣ್ಣೆ ತುಂಬುವ ಡಬ್ಬಿ ಎಂದೇ ಎಲ್ಲರ ಲೆಕ್ಕ. ಆ ಲೆಕ್ಕ ಇಟ್ಟುಕೊಂಡು ಹೊಸದು ಮಾಡಿಸಲು ಹೊರಟರೆ ಮನಸ್ಸು ಮೊದಲು ಓಡುವುದು ಎಷ್ಟು ಲೀಟರ್ ಹಿಡಿಯುತ್ತದೆ ಎಂಬುದರ ಕಡೆಗೆ. ನನಗನ್ನಿಸುವಂತೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಡೀಸೆಲ್ ಗಾಡಿಯ ಟಾಕಿಗೆ ಕಡಿಮೆಯೆಂದರೂ ಐದು ದಾರಿ ಇರುತ್ತವೆ. ಎಣ್ಣೆ ತುಂಬುವ ಕುತ್ತಿಗೆ, ಇಂಜಿನ್ನಿಗೆ ಎಳೆದುಕೊಳ್ಳುವ ಪೈಪು, ಪಂಪು ಮತ್ತು ನಾಝಲ್ಲಿನಲ್ಲಿ ಹೆಚ್ಚಾದದ್ದು ವಾಪಸು ಬರುವ ರಿಟರ್ನ್ ಪೈಪು, ಗಾಳಿ ಆಡುವ ಬ್ರೀದರ್, ತಳದ ನೀರು ಇಳಿಸುವ ಡ್ರೇನ್ ಬೋಲ್ಟು. ಇದರ ಮೇಲೆ ಎಷ್ಟಿದೆ ಎಂದು ಅಳೆಯುವ ತೇಲುಗುಂಡು ಬೇರೆ. ಇವುಗಳಲ್ಲಿ ಯಾವುದು ಎಡವಟ್ಟಾದರೂ ಗಾಡಿ ನಿಲ್ಲುತ್ತದೆ. ಟಾಕಿ ಎಷ್ಟೇ ಗಟ್ಟಿಯಿರಲಿ.

ಉಸಿರಿನ ವಿಷಯವನ್ನೇ ಮೊದಲು ನೋಡೋಣ. ಒಂದು ಲೀಟರ್ ಎಣ್ಣೆ ಹೊರಹೋದರೆ ಒಂದು ಲೀಟರ್ ಗಾಳಿ ಒಳಬರಬೇಕು. ಹಳೆ ಗಾಡಿಗಳಲ್ಲಿ ಈ ಕೆಲಸ ಮುಚ್ಚಳದ ಸಣ್ಣ ತೂತಿನದು. ಎರಿ ಮಣ್ಣಿನ ಧೂಳಿಗೆ ಡೀಸೆಲ್ಲಿನ ಜಿಡ್ಡು ಸೇರಿ ಆ ತೂತು ಮುಚ್ಚಿಹೋಗಿತ್ತು. ಹಾಗಾದರೆ ಯಾವಾಗಲೂ ಮಳಖೇಡದ ಹತ್ತಿರವೇ ಯಾಕೆ? ಕಲಬುರಗಿಯಲ್ಲಿ ಟಾಕಿ ಭರ್ತಿ ಮಾಡಿಸಿಕೊಂಡು ಹೊರಡುವುದು ನಮ್ಮ ರೂಢಿ. ಭರ್ತಿ ಟಾಕಿಯಲ್ಲಿ ಮೇಲೆ ಉಳಿಯುವ ಗಾಳಿ ಒಂದೆರಡು ಲೀಟರ್ ಅಷ್ಟೆ. ಮಳಖೇಡ ಬರುವಷ್ಟರಲ್ಲಿ ನಾಲ್ಕು ಲೀಟರ್ ಖರ್ಚಾಗಿ, ಅಷ್ಟೇ ಗಾಳಿ ಮೂರುಪಟ್ಟು ಜಾಗಕ್ಕೆ ಹಿಗ್ಗಬೇಕಾಗುತ್ತಿತ್ತು. ಒಳಗೆ ಎಳೆತ ಹೆಚ್ಚಾಗಿ ಪಂಪಿಗೆ ಡೀಸೆಲ್ ಬರುತ್ತಿರಲಿಲ್ಲ. ಅರ್ಧ ಟಾಕಿ ಇದ್ದ ದಿನ ಒಳಗೆ ಇಪ್ಪತ್ತು ಲೀಟರ್ ಗಾಳಿ ಇರುತ್ತದೆ, ಅದು ಇಪ್ಪತ್ನಾಲ್ಕಕ್ಕೆ ಹಿಗ್ಗಿದರೆ ತ್ರಾಸಿಲ್ಲ. ಅವತ್ತು ಗಾಡಿ ನಿಲ್ಲುತ್ತಲೂ ಇರಲಿಲ್ಲ. ನಿಂತು ಹದಿನೈದು ನಿಮಿಷ ಕಳೆದರೆ ಸಂದಿಗೊಂದಿಯಿಂದ ಗಾಳಿ ಸೋರಿ ಒಳಸೇರುತ್ತಿತ್ತು, ಮತ್ತೆ ಸ್ಟಾರ್ಟ್. ಇಷ್ಟು ಸರಳ ಲೆಕ್ಕ ಹೊಳೆಯದೆ ಒಂದು ಫೀಡ್ ಪಂಪಿನ ದುಡ್ಡು ಕಳೆದುಕೊಂಡೆ.

ಮೇಲ್ಪತ್ರಾ ತಗ್ಗಾದದ್ದಕ್ಕೂ ಇದೇ ಕಾರಣ. ನಮ್ಮ ಟಾಕಿಯ ಮೇಲ್ಮುಖ 60 ಸೆಂಟಿಮೀಟರ್ ಉದ್ದ, 40 ಅಗಲ. ಅಂದರೆ 2,400 ಚದರ ಸೆಂಟಿಮೀಟರ್. ಒಳಗೆ ಬರೀ ಅರ್ಧ ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಅದೇ ಮಾಪನ) ಎಳೆತ ಹುಟ್ಟಿದರೂ ಹೊರಗಿನ ಗಾಳಿ 80 ಕೆಜಿಗಿಂತ ಹೆಚ್ಚು ಭಾರ ಹಾಕುತ್ತದೆ. ಒಬ್ಬ ಆಳು ಟಾಕಿಯ ಮೇಲೆ ನಿಂತ ಹಾಗೆ.

ಉಸಿರು ಒಳಗೆ ಮಾತ್ರವಲ್ಲ, ಹೊರಗೂ ಬಿಡಬೇಕು. ಬಂಕಿನ ನೆಲದಡಿಯ ಟ್ಯಾಂಕಿನಿಂದ ಬರುವ ಎಣ್ಣೆ ತಂಪಾಗಿರುತ್ತದೆ. ಮೇ ತಿಂಗಳಲ್ಲಿ ಭರ್ತಿ ಮಾಡಿಸಿ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಬಿಸಿಲಿಗೆ ನಿಲ್ಲಿಸಿದರೆ ಅದೇ ಎಣ್ಣೆ 20 ಡಿಗ್ರಿ ಬಿಸಿಯೇರುವುದು ದೊಡ್ಡ ಮಾತಲ್ಲ. ಅಷ್ಟಕ್ಕೇ 45 ಲೀಟರ್ ಡೀಸೆಲ್ ಸುಮಾರು ಮುಕ್ಕಾಲು ಲೀಟರ್ ಹಿಗ್ಗುತ್ತದೆ. ಪೆಟ್ರೋಲಾದರೆ ಇನ್ನೂ ತುಸು ಹೆಚ್ಚು. ಅದಕ್ಕೇ ಟಾಕಿಯಲ್ಲಿ ನೂರಕ್ಕೆ ಐದು ಪಾಲಾದರೂ ಖಾಲಿ ಜಾಗ ಉಳಿಯುವಂತೆ ಕುತ್ತಿಗೆಯ ಪೈಪನ್ನು ತುಸು ಒಳಗೆ ಇಳಿಸಿ ಕೂಡಿಸುತ್ತಾರೆ. ಬಂಕಿನಲ್ಲಿ ನಾಝಲ್ 'ಟಕ್' ಎಂದ ಮೇಲೂ ರೌಂಡ್ ಫಿಗರ್ ಮಾಡಲು ಹನಿಹನಿ ಹಾಕಿಸುವ ನಮ್ಮ ಚಟ ಈ ಜಾಗವನ್ನೇ ತಿನ್ನುತ್ತದೆ.

ಜಂಗು ಎಲ್ಲಿಂದ ಹತ್ತುತ್ತದೆ

ಟಾಕಿ ಒಳಗಿನಿಂದ ತುಕ್ಕು ಹಿಡಿಯುತ್ತದೆ ಎಂದು ನಾನೂ ನಂಬಿದ್ದೆ. ನಮ್ಮ ಜೀಪಿನಲ್ಲಿ ಆದದ್ದು ಉಲ್ಟಾ. ಡೀಸೆಲ್ ಸ್ವತಃ ಜಿಡ್ಡು, ಒಳಗೋಡೆಗೆ ಒಂದು ಪೊರೆಯ ಹಾಗೆ ಕಾವಲು ಕೂತಿರುತ್ತದೆ. ಹೊರಗೆ ಆ ಕಾವಲಿಲ್ಲ. ಮಳೆಗಾಲದಲ್ಲಿ ಹೊಲದ ದಾರಿಗೆ ಇಳಿದ ಗಾಡಿಯ ಟಾಕಿಯ ನೆತ್ತಿಯ ಮೇಲೆ, ಪಟ್ಟಿಗಳ ಸಂದಿಯಲ್ಲಿ ಎರಿ ಮಣ್ಣು ಮೆತ್ತಿಕೊಳ್ಳುತ್ತದೆ. ಈ ಮಣ್ಣು ನೀರು ಹಿಡಿದಿಟ್ಟುಕೊಳ್ಳುವುದರಲ್ಲಿ ಜಗಜಟ್ಟಿ; ಹಿಂಗಾರಿ ಬಿಳಿಜೋಳ ಮಳೆಯಿಲ್ಲದೆಯೂ ಬೆಳೆಯುವುದು ಆ ಗುಣದಿಂದಲೇ. ಜೋಳಕ್ಕೆ ವರವಾದದ್ದು ಪತ್ರಾಕ್ಕೆ ಶಾಪ. ಪಟ್ಟಿಯ ಅಡಿಯಲ್ಲಿ ಹಾಕಿದ್ದ ಹಳೆ ಗೋಣಿತಟ್ಟಿನ ಮೆತ್ತೆ ಅದಕ್ಕೆ ಜೊತೆಯಾಗಿ ತಿಂಗಳುಗಟ್ಟಲೆ ಹಸಿ ಇರುತ್ತಿತ್ತು. ತೂತು ಬಿದ್ದದ್ದು ಸರಿಯಾಗಿ ಅದರ ಕೆಳಗೇ.

ಒಳಗಿನ ಶತ್ರು ನೀರು. ಅರ್ಧ ಖಾಲಿ ಟಾಕಿ ಹಗಲು ಕಾದು ಗಾಳಿ ಹೊರಬಿಡುತ್ತದೆ, ರಾತ್ರಿ ತಣ್ಣಗಾಗಿ ಹಸಿ ಗಾಳಿ ಎಳೆದುಕೊಳ್ಳುತ್ತದೆ. ಆ ಗಾಳಿಯ ತೇವ ಗೋಡೆಗೆ ಹನಿಗಟ್ಟಿ ಕೆಳಗಿಳಿಯುತ್ತದೆ. ನೀರು ಡೀಸೆಲ್ಲಿಗಿಂತ ಭಾರ, ತಳಕ್ಕೆ ಕೂರುತ್ತದೆ. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗುತ್ತವೆ. ಫಿಲ್ಟರ್ ತಿಂಗಳಿಗೊಮ್ಮೆ ಕಟ್ಟುತ್ತಿದ್ದರೆ, ಬಿಚ್ಚಿದಾಗ ಬೆರಳಿಗೆ ಕಾಡಿಗೆಯಂಥದ್ದು ಅಂಟಿದರೆ, ಬಂಕಿನವನನ್ನು ಬೈಯುವ ಮೊದಲು ಟಾಕಿಯ ತಳ ನೋಡಬೇಕು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಕಲಬುರಗಿ, ಯಾದಗಿರಿ ಜಿಲ್ಲೆಯ ದಂಡೆಯ ಊರುಗಳಿಗೆ ನುಗ್ಗಿದಂಥ ಹೊತ್ತಿನಲ್ಲಿ ನೀರೊಳಗೆ ನಿಂತ ಗಾಡಿಗಳ ಕತೆ ಬೇರೆ. ಬ್ರೀದರಿನ ದಾರಿಯಿಂದಲೇ ನೀರು ಟಾಕಿಗೆ ಇಳಿಯುತ್ತದೆ. ಅಂಥ ಗಾಡಿಯನ್ನು ಟಾಕಿ ಇಳಿಸಿ ಒಣಗಿಸದೆ ಚಾವಿ ತಿರುವಿದರೆ ಪಂಪು, ನಾಝಲ್ ಎರಡೂ ಕೆಡುತ್ತವೆ.

ಪೆಟ್ರೋಲಿನ ಗಾಡಿಗೆ ಇನ್ನೊಂದು ಹೊಸ ಸಂಗತಿ ಸೇರಿಕೊಂಡಿದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಇ20 ಪೆಟ್ರೋಲು ಬಿಡುಗಡೆಯಾಯಿತು. ನೂರರಲ್ಲಿ ಇಪ್ಪತ್ತು ಪಾಲು ಎಥನಾಲ್. ಬೀದರ, ಆಳಂದ ಸೀಮೆಯಲ್ಲಿ ಕಬ್ಬು ಬೆಳೆಯುವವರಿಗೆ ಇದು ಒಳ್ಳೆಯ ಸುದ್ದಿ. ಮನೆಯ ಮುಂದೆ ಮೂವತ್ತು ವರ್ಷದ ಫಟಫಟಿ (ಮೋಟಾರ್ ಸೈಕಲ್) ನಿಲ್ಲಿಸಿಕೊಂಡವರಿಗೆ ಅಷ್ಟು ಒಳ್ಳೆಯದಲ್ಲ. ಎರಡೂ ಒಂದೇ ಮನೆಯಲ್ಲಿದ್ದರೆ ಏನು ಮಾಡಬೇಕೋ.

ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಬರೀ ಪೆಟ್ರೋಲಿನಲ್ಲಿ ನೀರು ಬೇರೆಯಾಗಿಯೇ ತಳದಲ್ಲಿ ಕೂತಿರುತ್ತಿತ್ತು. ಎಥನಾಲ್ ಸೇರಿದ ಮೇಲೆ ಸ್ವಲ್ಪ ನೀರು ಅದರಲ್ಲೇ ಕರಗಿ ಇಂಜಿನ್ನಿಗೆ ಹೋಗಿ ಸುಟ್ಟುಹೋಗುತ್ತದೆ, ಅಲ್ಲಿಯವರೆಗೆ ಅನುಕೂಲವೇ. ಆದರೆ ಅದಕ್ಕೊಂದು ಮಿತಿ ಇದೆ. ನೂರಕ್ಕೆ ಹತ್ತು ಪಾಲು ಎಥನಾಲ್ ಇದ್ದ ಪೆಟ್ರೋಲು ಹಿಡಿದಿಟ್ಟುಕೊಳ್ಳುವ ನೀರು ಅರ್ಧ ಪಾಲಿನಷ್ಟು; 10 ಲೀಟರಿಗೆ 50 ಮಿಲಿ, ಒಂದು ಸಣ್ಣ ಚಹಾ ಕಪ್ಪು. ಇ20ಯಲ್ಲಿ ಮಿತಿ ಅದಕ್ಕಿಂತ ಹೆಚ್ಚು. ಮಿತಿ ದಾಟಿದ ಕೂಡಲೇ ಎಥನಾಲೂ ನೀರೂ ಕೂಡಿಕೊಂಡು ಪೆಟ್ರೋಲನ್ನು ಬಿಟ್ಟು ತಳಕ್ಕಿಳಿಯುತ್ತವೆ. ಎಳೆಯುವ ಪೈಪು ಇರುವುದೂ ತಳದಲ್ಲೇ. ತಿಂಗಳುಗಟ್ಟಲೆ ನಿಂತ ಗಾಡಿ ಸ್ಟಾರ್ಟ್ ಆಗದಿರುವುದಕ್ಕೆ ಇದೂ ಒಂದು ಕಾರಣ.

ಇನ್ನು ಹಳೆಯ ವಸ್ತುಗಳ ಪಾಡು. ಹಳೆ ಟಾಕಿಗಳ ಉಕ್ಕಿಗೆ ಒಳಗೆ ಸೀಸ ಮತ್ತು ತವರದ ಲೇಪ ಇರುತ್ತಿತ್ತು. ಎಥನಾಲ್ ಆ ಲೇಪವನ್ನು ಕೊರೆಯುತ್ತದೆ. ಹಳೆ ರಬ್ಬರ್ ಪೈಪು ಉಬ್ಬಿ ಮೆತ್ತಗಾಗುತ್ತದೆ, ಒಣಗಿದಾಗ ಬಿರಿಯುತ್ತದೆ. ತೀರ ಹಳೆ ಗಾಡಿಗಳ ತೇಲುಗುಂಡು ಬೆಂಡಿನದು, ಮೇಲೆ ಅರಗಿನ ಲೇಪ. ಅರಗು ಕರಗುವುದೇ ಆಲ್ಕೋಹಾಲಿನಲ್ಲಿ. ಲೇಪ ಹೋದ ಬೆಂಡು ಪೆಟ್ರೋಲು ಕುಡಿದು ಮುಳುಗುತ್ತದೆ, ಟಾಕಿ ತುಂಬಿದ್ದರೂ ಮೀಟರಿನ ಕಾಟಾ ಖಾಲಿ ತೋರಿಸುತ್ತದೆ. ತೂತು ಮುಚ್ಚಲು ಒಳಗೆ ಸುರಿಯುವ ಸೀಲರುಗಳಲ್ಲೂ ಕೆಲವು ಎಥನಾಲಿಗೆ ಸಿಪ್ಪೆಯಾಗಿ ಕಿತ್ತು ಬರುತ್ತವೆ. ಆ ಸಿಪ್ಪೆ ಹೋಗಿ ಕೂರುವುದು ಕಾರ್ಬೊರೇಟರಿನ ಬಾಯಲ್ಲಿ. ಸೀಲರ್ ಕೊಳ್ಳುವುದಾದರೆ ಎಥನಾಲ್ ತಾಳುತ್ತದೆ ಎಂದು ಡಬ್ಬಿಯ ಮೇಲೆ ಬರೆದದ್ದನ್ನೇ ಕೊಳ್ಳಬೇಕು. ಅದನ್ನೂ ತುಕ್ಕು ಪೂರ್ತಿ ತೆಗೆದು, ಒಣಗಿಸಿದ ಮೇಲೆ ಹಾಕಬೇಕು. ಪತ್ರಾ ಗಟ್ಟಿಯಿದ್ದು ಒಳಗೆ ಕೆಂಪು ಪುಡಿ ಮಾತ್ರ ಇರುವ ಫಟಫಟಿಯ ಟಾಕಿಗೆ ಈ ದಾರಿ ಸಾಕು. ನಮ್ಮ ಜೀಪಿನ ಹಪ್ಪಳಕ್ಕೆ ಸಾಕಾಗಲಿಲ್ಲ.

ಯಾವ ಲೋಹ

ಹೊಸ ಟಾಕಿ ಮಾಡಿಸುವುದು ಎಂದು ತೀರ್ಮಾನವಾದ ಮೇಲೆ ಸಲಹೆಗಳ ಸುರಿಮಳೆ. ಮೊದಲನೆಯದು "ಜಿಐ ಪತ್ರಾದಾಗ ಮಾಡಸ್ರಿ, ಜನ್ಮಕ್ಕ ಜಂಗ ಹತ್ತಂಗಿಲ್ಲ." ಜಿಐ ಅಂದರೆ ಉಕ್ಕಿನ ಮೇಲೆ ಸತುವಿನ ಲೇಪ. ಸತುವಿನ ಮೇಲೆ ನಮ್ಮ ಕಡೆಯವರಿಗೆ ಹಳೆಯ ಅಭಿಮಾನ. ಬೀದರಿನ ಬಿದರಿ ಸಾಮಾನಿನಲ್ಲಿ ಹೆಚ್ಚು ಪಾಲು ಸತುವೇ, ಅದಕ್ಕೆ ತುಸು ತಾಮ್ರ. ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ಕಾಸಿದರೆ ಸತುವಿನ ಮೈ ಕಡುಗಪ್ಪಾಗಿ ಬೆಳ್ಳಿಯ ಕುಸುರಿ ಎದ್ದು ಕಾಣುತ್ತದೆ. ಸತುವು ಸುತ್ತಲಿನದರೊಡನೆ ಎಷ್ಟು ಬೇಗ ಬೆರೆಯುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ಡೀಸೆಲ್ ಟಾಕಿಯಲ್ಲಿ ಆ ಗುಣವೇ ತೊಡಕು. ಡೀಸೆಲ್ಲಿನ ಆಮ್ಲಾಂಶದ ಜೊತೆ ಸತುವು ಸೇರಿ ಸಾಬೂನಿನಂಥ ಪದಾರ್ಥವಾಗಿ ಫಿಲ್ಟರನ್ನೂ ನಾಝಲ್ಲನ್ನೂ ಕಟ್ಟುತ್ತದೆ. ಎಥನಾಲಿಗೂ ಸತುವಿಗೂ ಆಗಿಬರುವುದಿಲ್ಲ. ತಾಮ್ರವೂ ಬೇಡ, ಡೀಸೆಲ್ಲನ್ನು ಬೇಗ ಹಳಸಿಸುತ್ತದೆ. ಹಾಗಾಗಿ ಜಿಐ ಬಿಟ್ಟೆವು.

ಅಲ್ಯೂಮಿನಿಯಂ ನೋಡಲು ಚಂದ, ಹಗುರ. ಎಷ್ಟು ಹಗುರ ಎಂದು ಲೆಕ್ಕ ಹಾಕಿದೆ. ನಮ್ಮ ಅಳತೆಯ ಟಾಕಿ 1.6 ಮಿಲಿಮೀಟರ್ ಉಕ್ಕಿನಲ್ಲಿ ಸುಮಾರು 11 ಕೆಜಿ, 3 ಮಿಲಿಮೀಟರ್ ಅಲ್ಯೂಮಿನಿಯಂನಲ್ಲಿ 7 ಕೆಜಿ. ಜೀಪಿನಲ್ಲಿ ನಾಲ್ಕು ಕೆಜಿ ಉಳಿಸಿ ಯಾವ ರೇಸು ಗೆಲ್ಲಬೇಕು? ಮೇಲಾಗಿ ಅಲ್ಯೂಮಿನಿಯಂಗೆ ಬೆಸುಗೆ ಹಾಕಲು ಟಿಗ್ ವೆಲ್ಡಿಂಗಿನಲ್ಲಿ ಪಳಗಿದ ಕೈ ಬೇಕು, ಕುಲುಕಾಟಕ್ಕೆ ಬೆಸುಗೆಯ ಅಂಚಿನಲ್ಲಿ ಬಿರುಕು ಬಿಡುತ್ತದೆ, ಉಕ್ಕಿನ ಪಟ್ಟಿ ನೇರ ತಾಗಿದರೆ ತಾಗಿದಲ್ಲಿ ಕೊರೆದುಹೋಗುತ್ತದೆ. ಸರಿಯಾಗಿ ಮಾಡಿದರೆ ಒಳ್ಳೆಯದೇ; ಆದರೆ ಸರಿಯಾಗಿ ಮಾಡುವವರು ಎಲ್ಲ ಊರಲ್ಲೂ ಸಿಗುವುದಿಲ್ಲ.

ಹೊಸ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಪ್ಲಾಸ್ಟಿಕ್ ಟಾಕಿ. ತುಕ್ಕಿಲ್ಲ, ಬೆಸುಗೆಯ ಜೋಡಣೆ ಇಲ್ಲ. ನಿಮ್ಮ ಗಾಡಿಯ ಮಾಡೆಲ್ಲಿಗೇ ಅಚ್ಚು ಹಾಕಿದ್ದು ಸಿಕ್ಕರೆ ಕಣ್ಣು ಮುಚ್ಚಿ ಕೊಳ್ಳಿ. ಸೈಲೆನ್ಸರಿನಿಂದ ದೂರ ಇರಬೇಕು, ನಡುವೆ ತಗಡಿನ ಮರೆ ಇರಬೇಕು, ಅಷ್ಟೆ. ನೀರಿನ ಡ್ರಮ್ಮನ್ನೋ ಔಷಧ ಹೊಡೆಯುವ ಕ್ಯಾನನ್ನೋ ಕಟ್ಟಿಕೊಂಡು ಓಡಾಡುವವರನ್ನು ನೋಡಿದ್ದೇನೆ. ಆ ಪ್ಲಾಸ್ಟಿಕ್ಕು ಇಂಧನಕ್ಕೆಂದು ಮಾಡಿದ್ದಲ್ಲ, ಆವಿ ಗೋಡೆಯಿಂದಲೇ ಹೊರಗೆ ಹಾಯುತ್ತದೆ.

304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ದುಬಾರಿ, ಬಾಳಿಕೆ ದೊಡ್ಡದು. ಪೆಟ್ರೋಲ್ ಗಾಡಿಯಾಗಿದ್ದರೆ ನಾನು ಅದನ್ನೇ ಆರಿಸುತ್ತಿದ್ದೆ. ಡೀಸೆಲ್ ಜೀಪಿಗೆ ಸಾದಾ ಉಕ್ಕಿನ ಕೋಲ್ಡ್ ರೋಲ್ಡ್ ಪತ್ರಾ ಸಾಕು ಎಂದು ಮಿಸ್ತ್ರಿ ಹಟ ಹಿಡಿದ. ಒಳಗೆ ಡೀಸೆಲ್ ಕಾಯುತ್ತದೆ, ಹೊರಗೆ ಬಣ್ಣ ಕಾಯುತ್ತದೆ ಎಂಬುದು ಅವನ ವಾದ. ನಾಲ್ಕು ಊರಲ್ಲಿ ರಿಪೇರಿ ಮಾಡುವವರು ಸಿಗುವ ಲೋಹವೇ ಹಳೆ ಗಾಡಿಗೆ ಒಳ್ಳೆಯ ಲೋಹ ಎಂದು ನಾನೂ ಒಪ್ಪಿಕೊಂಡೆ.

ದೊಡ್ಡದು ಮಾಡಿಸಬೇಕೇ

ನಮ್ಮ ಕಾಕಾನ ಮಗ 80 ಲೀಟರಿನದು ಮಾಡಿಸು, ಬೀದರಕ್ಕೆ ಹೋಗಿ ಬಂದರೂ ಬಂಕು ನೋಡಬೇಕಿಲ್ಲ ಅಂದ. ಕಲಬುರಗಿಯಿಂದ ಬೀದರಕ್ಕೆ ನೂರಹತ್ತು ಕಿಲೋಮೀಟರಿನ ಆಸುಪಾಸು. ಲೀಟರಿಗೆ ಹತ್ತರ ಲೆಕ್ಕ ಹಿಡಿದರೂ ಹಳೆ ಟಾಕಿಯಲ್ಲೇ ಹೋಗಿ ಬಂದು ಅರ್ಧ ಉಳಿಯುತ್ತದೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ: 60×40×20 ಅಂದರೆ 48. ಹಿಗ್ಗಲು ಬಿಡುವ ಜಾಗ, ತಳದಲ್ಲಿ ಎಳೆಯದೆ ಉಳಿಯುವುದು ಕಳೆದರೆ ಕೈಗೆ ಸಿಗುವುದು 44. ಡೀಸೆಲ್ ಲೀಟರಿಗೆ ಸುಮಾರು 830 ಗ್ರಾಂ. 80 ಲೀಟರಿನ ಟಾಕಿ ಮಾಡಿಸಿದರೆ ಎಣ್ಣೆಯದೇ 27 ಕೆಜಿ ಹೆಚ್ಚಾಗುತ್ತದೆ. ಅದು ಬರೀ ತೂಕವಲ್ಲ, ಬ್ರೇಕ್ ಹಾಕಿದಾಗಲೆಲ್ಲ ಮುಂದಕ್ಕೆ ಬಡಿಯುವ ತೂಕ. ಹಳೆ ಚಾಸಿಯ ಬ್ರಾಕೆಟ್ಟುಗಳು ಬಿಡುವುದು ಇಂಥ ಬಡಿತಕ್ಕೇ. ಎಣ್ಣೆ ಹೆಚ್ಚು ದಿನ ಒಳಗೆ ಕೂತಷ್ಟೂ ನೀರು, ಲೋಳೆಗೂ ಹೆಚ್ಚು ಸಮಯ ಸಿಕ್ಕಂತೆ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಬಿಗಿಯಾಗಿ ಎತ್ತಿಹಿಡಿದಿದೆ. ಕೆಟ್ಟ ಟಾಕಿ ತೆಗೆದು ಅದೇ ಜಾಗಕ್ಕೆ ಅದೇ ಅಳತೆಯದು ಹಾಕುವುದು ರಿಪೇರಿ. ಹಿಂದೆ ಎರಡನೇ ಟಾಕಿ ನೇತುಹಾಕುವುದು, ಇಂಧನವನ್ನೇ ಬದಲಿಸುವುದು ರಿಪೇರಿಯಲ್ಲ. ಕೆಎ 32 ಇರಲಿ, 33 ಇರಲಿ, 38 ಇರಲಿ, ಹದಿನೈದು ವರ್ಷ ದಾಟಿದ ಖಾಸಗಿ ಗಾಡಿ ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ಆರ್‌ಟಿಒ ಮುಂದೆ ನಿಲ್ಲಬೇಕು. ಅವತ್ತು ಇನ್‌ಸ್ಪೆಕ್ಟರಿಗೆ ವಿವರಿಸುವ ಕೆಲಸ ಯಾಕೆ ಮೈಮೇಲೆ ಎಳೆದುಕೊಳ್ಳಬೇಕು? ಹಳೆಯ ಅಳತೆಯನ್ನೇ ಉಳಿಸಿಕೊಂಡೆವು.

ಅಳತೆ ಬಿಟ್ಟು ಉಳಿದದ್ದನ್ನೆಲ್ಲ ಸುಧಾರಿಸಿದೆವು. ಒಳಗೆ ಎರಡು ಅಡ್ಡತಗಡು ಕೂಡಿಸಿದೆವು, ಕೆಳಮೂಲೆಯಲ್ಲಿ ಎಣ್ಣೆ ಹಾಯುವಷ್ಟು ಬಾಯಿ ಬಿಟ್ಟು, ತಿರುವಿನಲ್ಲಿ ಎಣ್ಣೆ ಒಂದೇ ಕಡೆ ಓಡದ ಹಾಗೆ. ತಳದ ಒಂದು ಮೂಲೆ ತುಸು ತಗ್ಗು ಮಾಡಿ ಅಲ್ಲಿ ಡ್ರೇನ್ ಬೋಲ್ಟು. ನೀರೂ ಕಚರಾವೂ ಅಲ್ಲಿಗೇ ಇಳಿಯಬೇಕು. ಎಳೆಯುವ ಪೈಪಿನ ತುದಿಯನ್ನು ಓರೆಯಾಗಿ ಕತ್ತರಿಸಿ ತಳದಿಂದ ಒಂದೂವರೆ ಸೆಂಟಿಮೀಟರ್ ಮೇಲೆ ನಿಲ್ಲಿಸಿದೆವು. ರಿಟರ್ನ್ ಪೈಪು ಅದರಿಂದ ದೂರ, ಅಡ್ಡತಗಡಿನ ಆಚೆ. ವಾಪಸು ಬರುವ ಡೀಸೆಲ್ ಬಿಸಿ ಇರುತ್ತದೆ, ಗುಳ್ಳೆ ಹೊತ್ತು ತರುತ್ತದೆ. ಎಳೆಯುವ ಪೈಪಿನ ಪಕ್ಕಕ್ಕೇ ಬಿಟ್ಟರೆ ಅದೇ ಗುಳ್ಳೆ ಮತ್ತೆ ಪಂಪಿಗೆ. ಮುಚ್ಚಳದ ತೂತನ್ನು ನೆಚ್ಚಿಕೊಳ್ಳದೆ ಬೇರೆ ಬ್ರೀದರ್ ಪೈಪು ಕೊಟ್ಟು, ಅದನ್ನು ಕುತ್ತಿಗೆಗಿಂತ ಎತ್ತರಕ್ಕೆ ಒಯ್ದು ಕೆಳಗೆ ಬಾಗಿಸಿ, ಬಾಯಿಗೆ ಸಣ್ಣ ಫಿಲ್ಟರ್ ಹಾಕಿದೆವು. ಪಲ್ಟಿಯಾದರೆ ಮುಚ್ಚಿಕೊಳ್ಳುವ ರೋಲ್‌ಓವರ್ ವಾಲ್ವೂ ಅದರಲ್ಲಿದೆ. ತುಂಬುವಾಗ ಗಾಳಿ ಹೊರಬರಲು ದಪ್ಪನೆಯ ಇನ್ನೊಂದು ಪೈಪು ಕುತ್ತಿಗೆಯ ಬಾಯಿಗೆ ಬರುತ್ತದೆ. ಅದಿಲ್ಲದಿದ್ದರೆ ಬಂಕಿನಲ್ಲಿ ಎರಡು ಲೀಟರಿಗೊಮ್ಮೆ ನಾಝಲ್ 'ಟಕ್' ಅನ್ನುತ್ತದೆ, ಹಿಂದೆ ನಿಂತವರು ಹಾರ್ನ್ ಹೊಡೆಯುತ್ತಾರೆ.

ರಬ್ಬರ್ ಪೈಪು ಕೊಳ್ಳುವಾಗ ಅದರ ಮೈಮೇಲಿನ ಅಕ್ಷರ ಓದಿ. ಇಂಧನ ಪೈಪಿನ ಗುಣಮಟ್ಟದ ಗುರುತಾದ ಎಸ್‌ಎಇ ಜೆ30 ಜೊತೆಗೆ ಆರ್6 ಅಥವಾ ಆರ್7 ಎಂದಿದ್ದರೆ ಕಡಿಮೆ ಒತ್ತಡದ ಹಳೆ ಗಾಡಿಗೆ ಮಾಡಿದ್ದು. ಆರ್9 ಒಳಪದರ ಎಥನಾಲನ್ನು ಚೆನ್ನಾಗಿ ತಾಳುತ್ತದೆ, ಬೆಲೆ ಹೆಚ್ಚು. ಅಕ್ಷರವೇ ಇಲ್ಲದ ಪೈಪನ್ನು ಪುಕ್ಕಟೆ ಕೊಟ್ಟರೂ ಬೇಡ.

ಖಾಲಿ ಟಾಕಿಯೇ ಬಾಂಬು

ಹಳೆ ಟಾಕಿಗೆ ಬೆಸುಗೆ ಹಾಕಿಸಿ ಇನ್ನೆರಡು ವರ್ಷ ತಳ್ಳೋಣ ಎನ್ನುವವರು ಈ ಒಂದು ಲೆಕ್ಕ ಓದಬೇಕು. ಪೆಟ್ರೋಲಿನ ಆವಿ ಗಾಳಿಯಲ್ಲಿ ನೂರಕ್ಕೆ ಸುಮಾರು 1.4ರಿಂದ 7.6 ಪಾಲು ಇದ್ದಾಗ ಹೊತ್ತಿಕೊಳ್ಳುತ್ತದೆ. ತುಂಬಿದ ಟಾಕಿಯಲ್ಲಿ ಆವಿ ಅದಕ್ಕಿಂತ ದಟ್ಟ, ಗಾಳಿ ಸಾಲದು. ಖಾಲಿ ಮಾಡಿದ 50 ಲೀಟರಿನ ಟಾಕಿಯಲ್ಲಿ ಒಂದು ಚಹಾ ಚಮಚದಷ್ಟು ಪೆಟ್ರೋಲು ಉಳಿದಿದ್ದರೂ ಸಾಕು, ಇಡೀ ಟಾಕಿ ಸಿಡಿಯುವ ಹದಕ್ಕೆ ಬರುತ್ತದೆ. ಒಂದು ಚಮಚ ತಗಡಿನ ಮಡಿಕೆಯ ಸಂದಿಯಲ್ಲೇ ಅಡಗಿರುತ್ತದೆ, ತೊಳೆದರೂ ಹೋಗುವುದಿಲ್ಲ. ಡೀಸೆಲ್ ಆದರೆ ಭಯವಿಲ್ಲ ಎಂಬುದೂ ಸುಳ್ಳು. ಸಾದಾ ಬಿಸಿಲಿಗೆ ಡೀಸೆಲ್ ಆವಿ ಹೊತ್ತುವಷ್ಟಾಗುವುದಿಲ್ಲ, ನಿಜ. ಬೆಸುಗೆಯ ಕಾವೇ ಒಳಗಿನ ಜಿಡ್ಡನ್ನು ಆವಿ ಮಾಡುತ್ತದೆ. ಪಳಗಿದವರು ಟಾಕಿಯನ್ನು ಕುದಿನೀರು, ಹಬೆಯಲ್ಲಿ ತೊಳೆದು, ಬೆಸುಗೆಯ ಜಾಗವೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ನೀರು ತುಂಬಿ ಅಥವಾ ಕಾರ್ಬನ್ ಡೈಆಕ್ಸೈಡ್ ಹಾಯಿಸಿ ಕೆಲಸ ಮಾಡುತ್ತಾರೆ. ಹಾಗೆ ಮಾಡದವನ ಹತ್ತಿರ ಟಾಕಿ ಒಯ್ಯಬೇಡಿ. ಒಯ್ದರೆ ನೀವು ಅಲ್ಲಿ ನಿಲ್ಲಬೇಡಿ.

ಇಳಿಸುವಾಗಲೂ ಅಷ್ಟೇ. ಬ್ಯಾಟರಿಯ ತಂತಿ ಮೊದಲು ಬಿಚ್ಚಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲಕ್ಕಿಳಿದು ತಗ್ಗಿನಲ್ಲಿ ಸೇರುತ್ತದೆ. ಗ್ಯಾರೇಜಿನ ಪಿಟ್ಟಿನಲ್ಲಿ ನಿಂತು ಈ ಕೆಲಸ ಮಾಡಬಾರದು. ಬಾಯಲ್ಲಿ ಪೈಪು ಇಟ್ಟು ಜಗ್ಗುವ ವಿದ್ಯೆ ಇನ್ನಾದರೂ ಸಾಯಲಿ, ಹತ್ತು ರೂಪಾಯಿಗೆ ಕೈಪಂಪು ಸಿಗುವ ಕಾಲ ಹೋಗಿರಬಹುದು, ಆದರೂ ಅದು ಪುಪ್ಪುಸಕ್ಕಿಂತ ಅಗ್ಗವೇ.

ಹೊಸ ಟಾಕಿಯ ಸೋರಿಕೆ ನೋಡಲು ಮಿಸ್ತ್ರಿಯ ಹುಡುಗ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಪೈಪು ತಂದ. ಹಿರಿಯ ಮಿಸ್ತ್ರಿ ಕೈಯಿಂದ ಕಿತ್ತುಕೊಂಡ. ಹಿಂದಿನ ಲೆಕ್ಕವೇ ಇಲ್ಲೂ: 2,400 ಚದರ ಸೆಂಟಿಮೀಟರಿನ ಮುಖಕ್ಕೆ ಒಂದು ಬಾರ್ (ಸುಮಾರು 14.5 ಪಿಎಸ್‌ಐ) ಒತ್ತಡ ಕೊಟ್ಟರೆ ಎರಡೂವರೆ ಟನ್ನಿನ ಹತ್ತಿರದ ಭಾರ. ಸೈಕಲ್ ಪಂಪಿನಿಂದ ಒಂದೆರಡು ಪಿಎಸ್‌ಐ ಹಾಕಿ, ಬೆಸುಗೆಯ ಗುಂಟ ಸಾಬೂನು ನೀರು ಹಚ್ಚಿ ಗುಳ್ಳೆ ನೋಡಿದರೆ ಸಾಕು. ಒಂದು ಕಡೆ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು. ಡೀಸೆಲ್ ಇನ್ನೂ ಮುಟ್ಟದ ಟಾಕಿಯಾದ್ದರಿಂದ ನಿಶ್ಚಿಂತೆಯಿಂದ ಮತ್ತೊಮ್ಮೆ ಬೆಸುಗೆ ಹಾಕಿದರು.

ಕೂಡಿಸುವಾಗ ಗೋಣಿತಟ್ಟು ಬಿಟ್ಟು ನೀರು ಹೀರದ ರಬ್ಬರ್ ಪಟ್ಟಿ ಹಾಕಿದೆವು. ನೆತ್ತಿಯ ಮೇಲೆ ಕೈ ಹೋಗುವಷ್ಟು ಸಂದಿ ಬಿಟ್ಟೆವು, ಮಳೆಗಾಲ ಮುಗಿದ ಮೇಲೆ ಮಣ್ಣು ತೊಳೆಯಲು. ರಬ್ಬರ್ ಮೇಲೆ ಕೂತ ಟಾಕಿಗೆ ಚಾಸಿಯ ಜೊತೆ ಅರ್ಥಿಂಗ್ ಇರುವುದಿಲ್ಲ, ಅದಕ್ಕೊಂದು ತಂತಿ ಬೇರೆ ಎಳೆಯಬೇಕು. ಮರೆತರೆ ಮೀಟರು ಕುಣಿಯುತ್ತದೆ, ತುಂಬುವಾಗ ಹುಟ್ಟುವ ಸ್ಥಿರ ವಿದ್ಯುತ್ತಿಗೂ ಇಳಿಯಲು ದಾರಿ ಇರುವುದಿಲ್ಲ.

ಮೀಟರಿನ ವಿಷಯದಲ್ಲಿ ನಾವು ಪೂರ್ತಿ ಗೆದ್ದಿಲ್ಲ. ಅಂಗಡಿಯಲ್ಲಿ ಕೊಟ್ಟ ಹೊಸ ತೇಲುಗುಂಡು ಖಾಲಿಯಲ್ಲಿ 240 ಓಮ್, ಭರ್ತಿಯಲ್ಲಿ 33 ಓಮ್ ತೋರಿಸುವ ಜಾತಿಯದು. ನಮ್ಮ ಡ್ಯಾಶ್‌ಬೋರ್ಡಿನ ಮೀಟರು ಖಾಲಿಗೆ ಸೊನ್ನೆ, ಭರ್ತಿಗೆ 90 ಬಯಸುವಂಥದ್ದು. ಮೊದಲ ದಿನ ಡೀಸೆಲ್ ಹಾಕಿದಷ್ಟೂ ಕಾಟಾ ಕೆಳಗಿಳಿಯಿತು. ಅದನ್ನು ವಾಪಸು ಕೊಟ್ಟು ಸರಿಯಾದದ್ದು ತಂದು, ಐದು ಲೀಟರಿನ ಕ್ಯಾನಿನಿಂದ ಒಂದೊಂದೇ ಸಲ ಸುರಿದು, ಪ್ರತಿ ಸಲ ಕಾಟಾ ಎಲ್ಲಿ ನಿಂತಿತು ಎಂದು ಬರೆದುಕೊಂಡೆವು. ಭರ್ತಿ ಸರಿ, ಅರ್ಧ ಸರಿ. ಕಾಲು ಟಾಕಿ ಎಂದು ತೋರಿಸಿದಾಗ ಮಾತ್ರ 11 ಲೀಟರಿನ ಬದಲು 14 ಇರುತ್ತದೆ. "ತಂತಿ ಜರಾ ಬಾಗಸಿದ್ರ ಸರಿ ಆಗ್ತದ, ಬಿಚ್ಚಲೇನ್ರಿ?" ಎಂದು ಮಿಸ್ತ್ರಿ ಕೇಳಿದ. ಎಂಟು ಬೋಲ್ಟು, ಹೊಸ ಗ್ಯಾಸ್ಕೆಟ್ಟು ನೆನಪಾಗಿ ಬೇಡ ಅಂದೆ. ಮೀಟರಿನ ಪಕ್ಕದಲ್ಲಿ '¼ = 14' ಎಂದು ಬರೆದ ಚೀಟಿ ಅಂಟಿಸಿದ್ದೇನೆ.